ಉತ್ತರ ತಡವಾದಾಗ ಸರ್ವರ್ ಏನು ಮಾಡಬೇಕು?

ಕಾಲೇಜು ಪ್ರವೇಶಕ್ಕೆ ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನ ಎಂದುಕೊಳ್ಳಿ. ಊರಿನ ಸೈಬರ್ ಕೇಂದ್ರದಲ್ಲಿ ಕುಳಿತ ವಿದ್ಯಾರ್ಥಿನಿಯೊಬ್ಬಳು ವಿವರಗಳನ್ನೆಲ್ಲ ತುಂಬಿ, ಶುಲ್ಕ ಪಾವತಿಸುವ ಗುಂಡಿಯನ್ನು ಒತ್ತುತ್ತಾಳೆ. ಪರದೆಯ ಮೇಲೆ ಚಕ್ರವೊಂದು ತಿರುಗತೊಡಗುತ್ತದೆ. ಒಂದು ನಿಮಿಷ ಕಳೆಯುತ್ತದೆ, ಎರಡು ನಿಮಿಷ ಕಳೆಯುತ್ತದೆ. ಅಷ್ಟರಲ್ಲಿ ಹಣ ಕಡಿತವಾಗಿದೆ ಎಂಬ ಸಂದೇಶ ಅಪ್ಪನ ಫೋನಿಗೆ ಬಂದಿದೆ. ಆದರೆ ಅರ್ಜಿ ಸ್ವೀಕೃತವಾಯಿತೆಂದು ಪುಟ ಹೇಳುತ್ತಿಲ್ಲ. ಮತ್ತೊಮ್ಮೆ ಗುಂಡಿ ಒತ್ತಬೇಕೇ? ಒತ್ತಿದರೆ ಎರಡು ಸಲ ಹಣ ಹೋದೀತು. ಒತ್ತದಿದ್ದರೆ ಅರ್ಜಿಯೇ ತಪ್ಪಿಹೋದೀತು.

ಇಂಥ ಹೊತ್ತಿನಲ್ಲಿ ‘ಸರ್ವರ್ ಮೇಲೆ ಹೊರೆ ಹೆಚ್ಚಾಗಿದೆ’ ಎಂದು ಎಲ್ಲರೂ ಹೇಳುವುದುಂಟು. ಆ ಮಾತು ಅರ್ಧ ನಿಜ. ಆಗ ಸರ್ವರ್‌ನ ಒಳಗೆ ಇಣುಕಿ ನೋಡಿದರೆ ಅನೇಕ ಸಲ ಅಚ್ಚರಿಯ ನೋಟ ಕಾಣಿಸುತ್ತದೆ. ಅದರ ಸಂಸ್ಕಾರಕ ಹೆಚ್ಚು ಕೆಲಸವಿಲ್ಲದೆ ತಣ್ಣಗಿರುತ್ತದೆ. ನೆನಪಿನ ಕೋಶವೂ ತುಂಬಿರುವುದಿಲ್ಲ. ಆದರೂ ಹೊಸಬರಿಗೆ ಉತ್ತರ ಸಿಗುವುದಿಲ್ಲ. ಏಕೆಂದರೆ ಸರ್ವರ್‌ನಲ್ಲಿರುವ ಎಲ್ಲ ಕೆಲಸಗಾರರೂ ಬೇರೆ ಯಾರದೋ ಉತ್ತರಕ್ಕಾಗಿ ಕಾಯುತ್ತ ನಿಂತಿರುತ್ತಾರೆ. ಈ ಕಾಯುವಿಕೆಯನ್ನು ನಿಭಾಯಿಸುವ ವಿಧಾನವೇ ಅಸಮಕಾಲಿಕ ಉತ್ತರ. ಅದರ ತತ್ತ್ವವೇನು, ಅದರಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಇಲ್ಲಿ ನೋಡೋಣ.

ಒಂದು ಕೋರಿಕೆ, ಒಬ್ಬ ಕೆಲಸಗಾರ

ಅಂತರಜಾಲದ ಎಚ್‌ಟಿಟಿಪಿ ಎಂಬ ಒಡಂಬಡಿಕೆ ಪ್ರಶ್ನೋತ್ತರದ ಮಾದರಿಯದು. ಬ್ರೌಸರ್ ಒಂದು ಕೋರಿಕೆ ಕಳುಹಿಸುತ್ತದೆ. ಸರ್ವರ್ ಅದಕ್ಕೆ ಒಂದು ಉತ್ತರ ಕೊಡುತ್ತದೆ. ಸರ್ವರ್‌ನಲ್ಲಿ ನಡೆಯುವ ಕ್ರಮವಿಧಿಯನ್ನು ಬರೆಯುವವರಿಗೆ ಅತ್ಯಂತ ಸುಲಭವಾದ ದಾರಿಯೆಂದರೆ ಪ್ರತಿ ಕೋರಿಕೆಗೂ ಒಂದು ಥ್ರೆಡ್ ನೇಮಿಸುವುದು. ಥ್ರೆಡ್ ಎಂದರೆ ಕ್ರಮವಿಧಿಯ ಆದೇಶಗಳನ್ನು ಒಂದಾದ ಮೇಲೊಂದರಂತೆ ನಡೆಸುವ ಎಳೆ. ಅದನ್ನು ಒಬ್ಬ ಕೆಲಸಗಾರ ಎಂದು ಭಾವಿಸಬಹುದು. ಆತ ಕೋರಿಕೆಯನ್ನು ಓದುತ್ತಾನೆ, ದತ್ತಸಂಚಯವನ್ನು ವಿಚಾರಿಸುತ್ತಾನೆ, ಪಾವತಿ ಸೇವೆಯನ್ನು ಕೇಳುತ್ತಾನೆ, ಬಂದ ಫಲವನ್ನು ಜೋಡಿಸಿ ಉತ್ತರವಾಗಿ ಕಳುಹಿಸುತ್ತಾನೆ. ಅನಂತರವೇ ಮುಂದಿನ ಕೋರಿಕೆ. ಹೆಜ್ಜೆಗಳೆಲ್ಲ ಬರೆದ ಕ್ರಮದಲ್ಲೇ ನಡೆಯುವುದರಿಂದ ಇದಕ್ಕೆ ಸಮಕಾಲಿಕ ವಿಧಾನವೆಂದು ಹೆಸರು.

ಹೋಟೆಲಿನ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ನಾಲ್ಕು ಸಪ್ಲೈಯರುಗಳಿರುವ ಒಂದು ಹೋಟೆಲಿದೆ. ಒಬ್ಬ ಸಪ್ಲೈಯರ್ ನಿಮ್ಮಿಂದ ಮಸಾಲೆ ದೋಸೆಗೆ ಆರ್ಡರ್ ಪಡೆದು, ಅಡುಗೆಮನೆಯ ಕಿಟಕಿಯ ಬಳಿ ಹೋಗಿ, ದೋಸೆ ಬರುವ ತನಕ ಅಲ್ಲಿಯೇ ನಿಲ್ಲುತ್ತಾನೆ. ದೋಸೆ ತಂದುಕೊಟ್ಟ ಮೇಲೆಯೇ ಬೇರೆ ಮೇಜಿನತ್ತ ನೋಡುತ್ತಾನೆ. ಕಾವಲಿ ಬಿಸಿಯಾಗಿದ್ದು ದೋಸೆ ಬೇಗ ಬರುತ್ತಿದ್ದರೆ ತೊಂದರೆಯಿಲ್ಲ. ಗ್ಯಾಸ್ ಕಡಿಮೆಯಾಗಿ ದೋಸೆ ನಿಧಾನವಾದರೆ? ನಾಲ್ವರೂ ಕಿಟಕಿಯ ಬಳಿ ನಿಂತಿರುತ್ತಾರೆ. ಬರೀ ಒಂದು ಲೋಟ ನೀರು ಬೇಕೆಂದವನನ್ನು ಕೇಳುವವರೂ ಇರುವುದಿಲ್ಲ. ನೋಡುವವರಿಗೆ ಹೋಟೆಲಿನಲ್ಲಿ ಜನ ಸಾಲದು ಎನ್ನಿಸುತ್ತದೆ. ನಿಜವಾಗಿ ಜನರಿದ್ದಾರೆ; ಅವರು ಕೆಲಸ ಮಾಡುತ್ತಿಲ್ಲ, ಅಷ್ಟೆ.

ಲೆಕ್ಕ ಏನು ಹೇಳುತ್ತದೆ?

ಸರದಿ ಸಾಲುಗಳ ಬಗ್ಗೆ ಬಹಳ ಸರಳವಾದ ಒಂದು ನಿಯಮವಿದೆ. ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಅದನ್ನು ಗಣಿತದ ಮೂಲಕ ಸಾಧಿಸಿ ತೋರಿಸಿದರು. ವ್ಯವಸ್ಥೆಯೊಂದರ ಒಳಗೆ ಸರಾಸರಿ ಎಷ್ಟು ಮಂದಿ ಇರುತ್ತಾರೆಂಬುದು, ಅವರು ಬರುವ ದರ ಮತ್ತು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಸಮಯ ಇವುಗಳ ಗುಣಲಬ್ಧಕ್ಕೆ ಸಮ.

ಇದನ್ನು ನಮ್ಮ ಅರ್ಜಿಯ ತಾಣಕ್ಕೆ ಅನ್ವಯಿಸೋಣ. ಜಾವಾ ಭಾಷೆಯ ವೆಬ್ ಕ್ರಮವಿಧಿಗಳನ್ನು ನಡೆಸುವ ಟಾಮ್‌ಕ್ಯಾಟ್ ಎಂಬ ಸರ್ವರ್‌ನಲ್ಲಿ, ನಾವಾಗಿ ಬದಲಿಸದಿದ್ದರೆ, ಕೆಲಸಗಾರ ಥ್ರೆಡ್‌ಗಳ ಗರಿಷ್ಠ ಸಂಖ್ಯೆ 200. ಪ್ರತಿ ಸೆಕೆಂಡಿಗೆ 300 ಕೋರಿಕೆಗಳು ಬರುತ್ತಿವೆ ಎಂದು ಊಹಿಸಿಕೊಳ್ಳಿ. ಒಂದೊಂದಕ್ಕೂ ಉತ್ತರ ಕೊಡಲು 0.1 ಸೆಕೆಂಡು ಸಾಕಾದರೆ, ಒಂದು ಕ್ಷಣದಲ್ಲಿ ದುಡಿಯುತ್ತಿರುವ ಥ್ರೆಡ್‌ಗಳು 300 × 0.1, ಅಂದರೆ 30 ಮಾತ್ರ. ಉಳಿದ 170 ಥ್ರೆಡ್‌ಗಳು ಬಿಡುವಾಗಿರುತ್ತವೆ.

ಈಗ ಹೊರಗಿನ ಪಾವತಿ ಸೇವೆ ನಿಧಾನವಾಗಿ, ಒಂದೊಂದು ಕೋರಿಕೆಗೂ 4 ಸೆಕೆಂಡು ಹಿಡಿಯತೊಡಗಿತು ಎನ್ನೋಣ. ಬರುವ ಜನ ಅಷ್ಟೇ ಇದ್ದರೂ ಬೇಕಾಗುವ ಥ್ರೆಡ್‌ಗಳು 300 × 4, ಅಂದರೆ 1200. ಇರುವುದು 200. ಈ 200 ಥ್ರೆಡ್‌ಗಳು ಒಂದು ಸೆಕೆಂಡಿನಲ್ಲಿ ಮುಗಿಸಬಲ್ಲ ಕೋರಿಕೆಗಳು 200 ÷ 4, ಅಂದರೆ ಬರೀ 50. ಉಳಿದ 250 ಕೋರಿಕೆಗಳು ಪ್ರತಿ ಸೆಕೆಂಡೂ ಸಾಲಿಗೆ ಸೇರುತ್ತ ಹೋಗುತ್ತವೆ. ಒಂದೇ ನಿಮಿಷದಲ್ಲಿ ಸಾಲು 15,000ಕ್ಕೆ ಏರುತ್ತದೆ. ಈ ಸಾಲಿನಲ್ಲಿ ಶುಲ್ಕ ಕಟ್ಟುವವರ ಜೊತೆಗೆ, ಬರೀ ಸೂಚನೆಗಳ ಪುಟವನ್ನು ಓದಬಯಸುವವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊರಗಿನ ಒಂದು ಸೇವೆಯ ನಿಧಾನ ಇಡೀ ತಾಣವನ್ನೇ ಹೀಗೆ ಮಲಗಿಸಿಬಿಡುತ್ತದೆ.

ಹಾಗಾದರೆ ಥ್ರೆಡ್‌ಗಳ ಸಂಖ್ಯೆಯನ್ನೇ ಹೆಚ್ಚಿಸಬಾರದೇಕೆ? ಸ್ವಲ್ಪ ಮಟ್ಟಿಗೆ ಹೆಚ್ಚಿಸಬಹುದು. ಆದರೆ ಕಾರ್ಯಾಚರಣ ವ್ಯವಸ್ಥೆಯ ಪ್ರತಿ ಥ್ರೆಡ್‌ಗೂ ವೆಚ್ಚವಿದೆ. 64 ಬಿಟ್ ಲಿನಕ್ಸ್‌ನಲ್ಲಿ ಜಾವಾ ಪ್ರತಿ ಥ್ರೆಡ್‌ನ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 1 ಮೆಗಾಬೈಟಿನಷ್ಟು ಜಾಗವನ್ನು ಮೀಸಲಿಡುತ್ತದೆ. ಅದೆಲ್ಲವೂ ಒಮ್ಮೆಲೇ ಬಳಕೆಯಾಗುವುದಿಲ್ಲವಾದರೂ, ಹತ್ತು ಸಾವಿರ ಥ್ರೆಡ್‌ಗಳೆಂದರೆ ಸುಮಾರು 10 ಗಿಗಾಬೈಟಿನ ಮೀಸಲು. ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಸಂಸ್ಕಾರಕವನ್ನು ಬದಲಾಯಿಸುವ ಖರ್ಚು ಬೇರೆ. ಕಿಟಕಿಯ ಬಳಿ ನಿಲ್ಲಲೆಂದೇ ಹೊಸ ಸಪ್ಲೈಯರುಗಳನ್ನು ನೇಮಿಸಿಕೊಂಡ ಹಾಗೆ ಇದು.

ಹತ್ತು ಸಾವಿರದ ಸಮಸ್ಯೆ

ಈ ಪ್ರಶ್ನೆ ಹೊಸದೇನಲ್ಲ. 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ತಂತ್ರಾಂಶ ತಜ್ಞರು ಇದಕ್ಕೆ ‘ಸಿ10ಕೆ’ ಎಂಬ ಹೆಸರು ಕೊಟ್ಟರು. ಒಂದೇ ಸರ್ವರ್ ಏಕಕಾಲಕ್ಕೆ ಹತ್ತು ಸಾವಿರ ಗ್ರಾಹಕರನ್ನು ನಿಭಾಯಿಸುವುದು ಹೇಗೆ ಎಂಬುದೇ ಆ ಸಮಸ್ಯೆ. ಅಂದಿನ ಯಂತ್ರಾಂಶಕ್ಕೆ ಅಷ್ಟು ಶಕ್ತಿ ಆಗಲೇ ಇತ್ತು. ಕೊರತೆಯಿದ್ದದ್ದು ತಂತ್ರಾಂಶದ ರಚನೆಯಲ್ಲಿ ಎಂಬುದು ಅವರ ವಾದವಾಗಿತ್ತು.

ಪರಿಹಾರದ ಬೀಜ ಕಾರ್ಯಾಚರಣ ವ್ಯವಸ್ಥೆಯಲ್ಲಿದೆ. ಸಾವಿರಾರು ಸಂಪರ್ಕಗಳಲ್ಲಿ ಯಾವುದರಲ್ಲಿ ಮಾಹಿತಿ ಬಂದಿದೆ ಎಂದು ಒಂದೊಂದನ್ನೂ ತಟ್ಟಿ ಕೇಳುವ ಬದಲು, ಬಂದಿರುವವುಗಳ ಪಟ್ಟಿಯನ್ನಷ್ಟೇ ಕೊಡು ಎಂದು ಕೇಳುವ ಸೌಲಭ್ಯ ಬೇಕು. ಲಿನಕ್ಸ್‌ನಲ್ಲಿ ‘ಇಪೋಲ್’ ಎಂಬ ಹೆಸರಿನ ಇಂಥ ಸೌಲಭ್ಯ 2002ರಲ್ಲಿ ಸೇರಿತು. ಇಗೊರ್ ಸಿಸೊಯೆವ್ ಅವರು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್ಎಕ್ಸ್ ಸರ್ವರ್, 2009ರಲ್ಲಿ ರಯಾನ್ ಡಾಲ್ ಅವರು ರಚಿಸಿದ ನೋಡ್.ಜೆಎಸ್ ಇವೆರಡೂ ಇಂಥ ಸೌಲಭ್ಯದ ಮೇಲೆ ನಿಂತಿವೆ. ಕೆಲವೇ ಥ್ರೆಡ್‌ಗಳು ಸಾವಿರಾರು ಸಂಪರ್ಕಗಳನ್ನು ಗಮನಿಸುತ್ತ, ಮಾಹಿತಿ ಬಂದ ಸಂಪರ್ಕಕ್ಕೆ ಮಾತ್ರ ಕೆಲಸ ಮಾಡುತ್ತವೆ.

ಟೋಕನ್ ಪದ್ಧತಿ

ದರ್ಶಿನಿ ಹೋಟೆಲುಗಳು ನಮ್ಮ ಸಪ್ಲೈಯರ್ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿವೆ. ಹಣ ಕೊಟ್ಟು ಚೀಟಿ ಪಡೆಯುತ್ತೀರಿ. ಚೀಟಿಯನ್ನು ದೋಸೆಯ ಕೌಂಟರಿನಲ್ಲಿ ಕೊಟ್ಟು ಪಕ್ಕಕ್ಕೆ ನಿಲ್ಲುತ್ತೀರಿ. ಕೌಂಟರಿನವರು ನಿಮ್ಮೊಬ್ಬರಿಗಾಗಿ ಕಾಯದೆ ಮುಂದಿನವರ ಚೀಟಿ ತೆಗೆದುಕೊಳ್ಳುತ್ತಾರೆ. ದೋಸೆ ಸಿದ್ಧವಾದಾಗ ಕೂಗಿ ಕರೆಯುತ್ತಾರೆ. ದೋಸೆ ಬೇಯುವ ಸಮಯ ಕಡಿಮೆಯಾಗಿಲ್ಲ. ಆದರೆ ಅಲ್ಲಿ ಯಾರೂ ಕೆಲಸ ಬಿಟ್ಟು ಕಾಯುತ್ತಿಲ್ಲ.

ಜಾವಾ ಜಗತ್ತಿನಲ್ಲಿ ಈ ಪದ್ಧತಿ 2009ರ ಸರ್ವ್‌ಲೆಟ್ 3.0 ಮಾನಕದ ಮೂಲಕ ಅಧಿಕೃತವಾಯಿತು. ವೆಬ್ ಸೇವೆಗಳನ್ನು ಬರೆಯಲು ಬಳಸುವ ಜಾಕ್ಸ್‌-ಆರ್‌ಎಸ್ ಮಾನಕದ 2.0ನೆಯ ಆವೃತ್ತಿ 2013ರಲ್ಲಿ ಬಂದಾಗ ಇದು ಇನ್ನಷ್ಟು ಸುಲಭವಾಯಿತು. ಅಲ್ಲಿ ನಡೆಯುವುದು ಹೀಗೆ. ಕೋರಿಕೆ ಬಂದಾಗ ಕ್ರಮವಿಧಿಗೆ ‘ಅಸಿಂಕ್ ರೆಸ್ಪಾನ್ಸ್’ ಎಂಬ ಒಂದು ವಸ್ತು ದೊರೆಯುತ್ತದೆ. ಇದೇ ನಮ್ಮ ಚೀಟಿ. ಕ್ರಮವಿಧಿ ಪಾವತಿ ಸೇವೆಗೆ ಪ್ರಶ್ನೆ ಕಳುಹಿಸಿ, ಈ ಚೀಟಿಯನ್ನು ಎತ್ತಿಟ್ಟುಕೊಂಡು ಮರಳಿಬಿಡುತ್ತದೆ. ಥ್ರೆಡ್ ಬಿಡುವಾಗುತ್ತದೆ. ಬ್ರೌಸರಿನ ಜೊತೆಗಿನ ಸಂಪರ್ಕ ಮಾತ್ರ ತೆರೆದೇ ಇರುತ್ತದೆ. ಪಾವತಿ ಸೇವೆಯಿಂದ ಉತ್ತರ ಬಂದಾಗ ಬೇರೊಂದು ಥ್ರೆಡ್ ಆ ಚೀಟಿಯನ್ನು ಹುಡುಕಿ, ‘ರೆಸ್ಯೂಮ್’ ಎಂಬ ಆದೇಶದ ಮೂಲಕ ಉತ್ತರವನ್ನು ಕಳುಹಿಸುತ್ತದೆ. ಬ್ರೌಸರಿಗೆ ಈ ಒಳಗುಟ್ಟು ತಿಳಿಯುವುದೇ ಇಲ್ಲ.

ಮತ್ತೆ ಲೆಕ್ಕಕ್ಕೆ ಬರೋಣ. ಒಂದು ಕೋರಿಕೆಗೆ ನಮ್ಮ ಸರ್ವರ್ ನಿಜವಾಗಿ ದುಡಿಯುವ ಸಮಯ 5 ಮಿಲಿಸೆಕೆಂಡು, ಉಳಿದ ಸುಮಾರು 4 ಸೆಕೆಂಡು ಬರೀ ಕಾಯುವಿಕೆ ಎಂದಿರಲಿ. ಆಗ ಬೇಕಾಗುವ ಥ್ರೆಡ್‌ಗಳು 300 × 0.005, ಅಂದರೆ ಸರಾಸರಿ ಒಂದೂವರೆ. ಕಾಯುತ್ತಿರುವ 1200 ಕೋರಿಕೆಗಳು ತಲಾ ಒಂದು ತೆರೆದ ಸಂಪರ್ಕ ಮತ್ತು ನೆನಪಿನಲ್ಲಿ ಒಂದು ಸಣ್ಣ ವಸ್ತುವಾಗಿ ಉಳಿಯುತ್ತವೆ. 1200 ಥ್ರೆಡ್‌ಗಳು ಬೇಕಿದ್ದ ಕಡೆ ಬೆರಳೆಣಿಕೆಯಷ್ಟು ಸಾಕು.

ಗಮನಿಸಬೇಕಾದ ಅಂಶಗಳು

ಅಸಮಕಾಲಿಕ ವಿಧಾನದ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ. ಮೊದಲನೆಯದು, ಅದರಿಂದ ಉತ್ತರ ಬೇಗ ಬರುತ್ತದೆ ಎಂಬುದು. ಹಾಗಿಲ್ಲ. 4 ಸೆಕೆಂಡಿನ ಕೆಲಸಕ್ಕೆ 4 ಸೆಕೆಂಡು ಬೇಕೇ ಬೇಕು. ಹೆಚ್ಚುವುದು ಏಕಕಾಲಕ್ಕೆ ನಿಭಾಯಿಸಬಲ್ಲ ಕೋರಿಕೆಗಳ ಸಂಖ್ಯೆ ಮಾತ್ರ.

ಎರಡನೆಯದು, ಕೋರಿಕೆಯನ್ನು ಬೇರೊಂದು ಥ್ರೆಡ್ ಸಮೂಹಕ್ಕೆ ವರ್ಗಾಯಿಸಿದರೆ ಸಾಕು ಎಂಬುದು. ಆ ಸಮೂಹದ ಥ್ರೆಡ್ ಕೂಡ ಪಾವತಿ ಸೇವೆಯ ಮುಂದೆ ಕಾಯುತ್ತ ನಿಂತರೆ, ಸಾಲು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗಿರುತ್ತದೆ, ಅಷ್ಟೆ. ಸೂಚನೆಗಳ ಪುಟದಂಥ ಬೇರೆ ಕೋರಿಕೆಗಳು ಬದುಕಿಕೊಳ್ಳುತ್ತವೆ ಎಂಬ ಲಾಭವೇನೋ ಇದೆ. ಪೂರ್ಣ ಪ್ರಯೋಜನ ಸಿಗಬೇಕಾದರೆ, ಹೊರಗಿನ ಸೇವೆಯನ್ನು ಕರೆಯುವ ತಂತ್ರಾಂಶವೂ ಕಾಯದೆ ಕೆಲಸ ಮಾಡುವಂಥದ್ದಾಗಿರಬೇಕು.

ಇನ್ನು ಕ್ರಮವಿಧಿ ರಚಿಸುವವರು ಎಚ್ಚರ ವಹಿಸಬೇಕಾದ ನಾಲ್ಕು ಸಂಗತಿಗಳಿವೆ.

ಕಾಲಮಿತಿ: ಜಾಕ್ಸ್‌-ಆರ್‌ಎಸ್ ಮಾನಕದ ಪ್ರಕಾರ, ನಾವು ಮಿತಿ ಹಾಕದಿದ್ದರೆ ತಡೆಹಿಡಿದ ಉತ್ತರಕ್ಕೆ ಕಾಲಮಿತಿಯೇ ಇಲ್ಲ. ಪಾವತಿ ಸೇವೆ ಉತ್ತರಿಸಲು ಮರೆತರೆ ಚೀಟಿ ಹಾಗೆಯೇ ಬಿದ್ದಿರುತ್ತದೆ. ಇಂಥ ಚೀಟಿಗಳು ಕೂಡುತ್ತ ಹೋಗಿ ನೆನಪಿನ ಕೋಶ ತುಂಬುತ್ತದೆ. ಆದ್ದರಿಂದ ಕಾಲಮಿತಿ ಹಾಕಲೇಬೇಕು. ಮಿತಿ ಮೀರಿದಾಗ ಏನು ಹೇಳಬೇಕೆಂದು ನಾವು ತಿಳಿಸದಿದ್ದರೆ, ‘ಸೇವೆ ಲಭ್ಯವಿಲ್ಲ’ ಎಂಬ ಅರ್ಥದ 503 ಸಂಕೇತ ಹೋಗುತ್ತದೆ.

ದೋಷಗಳು: ಸಮಕಾಲಿಕ ಕ್ರಮವಿಧಿಯಲ್ಲಿ ದೋಷ ಉಂಟಾದರೆ ಅದು ಕರೆದವರ ತನಕ ತಾನಾಗಿ ಏರಿ ಬರುತ್ತದೆ. ಅಸಮಕಾಲಿಕ ವಿಧಾನದಲ್ಲಿ ಕರೆದವರು ಆಗಲೇ ಹೊರಟುಹೋಗಿರುತ್ತಾರೆ. ಬೇರೆ ಥ್ರೆಡ್‌ನಲ್ಲಿ ಉಂಟಾದ ದೋಷವನ್ನು ಹಿಡಿದು ಚೀಟಿಯ ಮೂಲಕ ಕಳುಹಿಸದಿದ್ದರೆ ಬ್ರೌಸರಿಗೆ ಮೌನವೇ ಉತ್ತರ.

ಒಮ್ಮೆ ಮಾತ್ರ: ಒಂದು ಚೀಟಿಗೆ ಒಂದೇ ಉತ್ತರ. ಕಾಲಮಿತಿ ಮೀರಿದ ಕ್ಷಣದಲ್ಲೇ ನಿಜವಾದ ಉತ್ತರವೂ ಬಂದರೆ ಎರಡರಲ್ಲಿ ಒಂದು ಗೆಲ್ಲುತ್ತದೆ. ಸೋತ ‘ರೆಸ್ಯೂಮ್’ ಆದೇಶ ‘ಇಲ್ಲ’ ಎಂಬ ಮೌಲ್ಯವನ್ನು ಮರಳಿಸುತ್ತದೆ. ಅದನ್ನು ಪರೀಕ್ಷಿಸದೆ ಬಿಟ್ಟರೆ, ಉತ್ತರ ತಲುಪಿತೆಂದು ನಮ್ಮ ದಾಖಲೆಯಲ್ಲಿರುತ್ತದೆ. ವಿದ್ಯಾರ್ಥಿನಿಗೆ ಮಾತ್ರ ತಲುಪಿರುವುದಿಲ್ಲ.

ಒಳಬಿಡುವ ಮಿತಿ: ಚೀಟಿ ಅಗ್ಗವೆಂದು ಲೆಕ್ಕವಿಲ್ಲದೆ ಹಂಚಬಾರದು. ಅಡುಗೆಮನೆ ಗಂಟೆಗೆ ನೂರು ದೋಸೆ ಮಾಡಬಲ್ಲದಾದರೆ ಸಾವಿರ ಚೀಟಿ ಹರಿದು ಫಲವಿಲ್ಲ. ಒಂದು ಮಿತಿಯ ನಂತರ ಬಂದವರಿಗೆ, ಎಷ್ಟು ಹೊತ್ತು ಬಿಟ್ಟು ಬರಬೇಕೆಂಬ ಸೂಚನೆಯೊಂದಿಗೆ, ಕೂಡಲೇ ‘ಈಗ ಆಗದು’ ಎನ್ನುವುದೇ ಲೇಸು. ಸ್ಪಷ್ಟವಾದ ನಿರಾಕರಣೆ ಎರಡು ನಿಮಿಷದ ತಿರುಗುವ ಚಕ್ರಕ್ಕಿಂತ ಮೇಲು.

ಸಂಪರ್ಕವೇ ಕಡಿದುಹೋದರೆ?

ಇಲ್ಲಿಯವರೆಗೆ ಹೇಳಿದ್ದು ಕೆಲವು ಸೆಕೆಂಡುಗಳ ಕಾಯುವಿಕೆಗೆ ಸರಿ. ಕೆಲಸ ನಿಮಿಷಗಟ್ಟಲೆ ಹಿಡಿಯುವುದಾದರೆ, ಅಥವಾ ಹಳ್ಳಿಯ ಫೋನ್ ಸಂಪರ್ಕ ನಡುವೆ ಕಡಿದುಹೋದರೆ, ತೆರೆದಿಟ್ಟ ಸಂಪರ್ಕವನ್ನು ನಂಬಿ ಕೂರುವಂತಿಲ್ಲ. ಅದಕ್ಕಾಗಿ ಎಚ್‌ಟಿಟಿಪಿಯಲ್ಲಿಯೇ 202 ಎಂಬ ಸಂಕೇತವಿದೆ. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ದಾಖಲೆಯಲ್ಲೂ ಅದು ಇದೆ. ‘ಕೋರಿಕೆಯನ್ನು ಸ್ವೀಕರಿಸಿದ್ದೇನೆ, ಕೆಲಸ ಇನ್ನೂ ಮುಗಿದಿಲ್ಲ’ ಎಂಬುದು ಅದರ ಅರ್ಥ. ಸರ್ವರ್ ಕೆಲಸವನ್ನು ದತ್ತಸಂಚಯದಲ್ಲಿ ಬರೆದಿಟ್ಟು, ಕೂಡಲೇ 202 ಸಂಕೇತವನ್ನೂ, ಸ್ಥಿತಿಯನ್ನು ವಿಚಾರಿಸಬಹುದಾದ ಒಂದು ವಿಳಾಸವನ್ನೂ ಕೊಡುತ್ತದೆ. ಬ್ರೌಸರ್ ಆಗಾಗ ಆ ವಿಳಾಸವನ್ನು ಕೇಳುತ್ತಿರುತ್ತದೆ. ಕೇಳುವುದು ಇನ್ನೊಂದು ಸರ್ವರ್ ಆಗಿದ್ದರೆ, ಕೆಲಸ ಮುಗಿದಾಗ ನಾವೇ ಅದರ ವಿಳಾಸಕ್ಕೆ ಸುದ್ದಿ ಮುಟ್ಟಿಸಬಹುದು.

ನಾವು ದಿನವೂ ಬಳಸುವ ಯುಪಿಐ ಪಾವತಿ ಇದಕ್ಕೆ ಒಳ್ಳೆಯ ನಿದರ್ಶನ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ, ಬ್ಯಾಂಕುಗಳೂ ನಿಗಮವೂ ತಮ್ಮೊಳಗೆ ಅಸಮಕಾಲಿಕವಾಗಿಯೇ ಮಾತನಾಡುತ್ತವೆ. ಕೋರಿಕೆ ಬಂದೊಡನೆ ‘ತಲುಪಿತು’ ಎಂಬ ಸ್ವೀಕೃತಿ ಮಾತ್ರ ಹೋಗುತ್ತದೆ. ನಿಜವಾದ ಫಲಿತಾಂಶ ಅನಂತರ ಪ್ರತ್ಯೇಕ ಸಂದೇಶವಾಗಿ, ಅದೇ ವ್ಯವಹಾರದ ಸಂಖ್ಯೆಯನ್ನು ಹೊತ್ತು ಬರುತ್ತದೆ. ಕೆಲವೊಮ್ಮೆ ಪರದೆಯಲ್ಲಿ ಯಶಸ್ವಿ ಎಂದಾಗಲಿ ವಿಫಲ ಎಂದಾಗಲಿ ಹೇಳದೆ ‘ಬಾಕಿ ಇದೆ’ ಎಂದು ತೋರಿಸುವುದನ್ನು ನೀವು ನೋಡಿರಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ಪ್ರಾಮಾಣಿಕ ಉತ್ತರ ಅದು. ಕಾಲಮಿತಿ ಮೀರಿತೆಂದ ಮಾತ್ರಕ್ಕೆ ಕೆಲಸ ವಿಫಲವಾಯಿತು ಎಂದು ಅರ್ಥವಲ್ಲ. ಉತ್ತರ ಇನ್ನೂ ಬಂದಿಲ್ಲ ಎಂದಷ್ಟೇ ಅರ್ಥ. ಈ ವ್ಯತ್ಯಾಸವನ್ನು ಮರೆತ ಕ್ರಮವಿಧಿ ‘ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಹೇಳಿ ಬಳಕೆದಾರರಿಂದ ಎರಡು ಸಲ ಹಣ ಕಟ್ಟಿಸಿಬಿಡುತ್ತದೆ.

ಎರಡು ಸಲ ಒತ್ತಿದರೂ ಒಂದೇ ಫಲ

ಈಗ ಆರಂಭದಲ್ಲಿ ಕಂಡ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಮತ್ತೊಮ್ಮೆ ಗುಂಡಿ ಒತ್ತಬೇಕೇ, ಬೇಡವೇ? ಸರಿಯಾಗಿ ರಚಿಸಿದ ಸೇವೆಯಲ್ಲಿ ಈ ಪ್ರಶ್ನೆಯೇ ಏಳಬಾರದು. ಅವಳು ಶುಲ್ಕದ ಪುಟವನ್ನು ತೆರೆದಾಗಲೇ ಆ ಪಾವತಿಗೆ ಒಂದು ವಿಶಿಷ್ಟ ಸಂಖ್ಯೆಯನ್ನು ನೀಡಬೇಕು. ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಹೋಗಬೇಕು. ಸರ್ವರ್ ಹಣದ ವಿಚಾರಕ್ಕೆ ಕೈ ಹಾಕುವ ಮೊದಲೇ ಆ ಸಂಖ್ಯೆಯನ್ನು ದತ್ತಸಂಚಯದಲ್ಲಿ ದಾಖಲಿಸಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಹೊಸ ಪಾವತಿಯನ್ನು ಆರಂಭಿಸದೆ, ಮೊದಲನೆಯದರ ಸ್ಥಿತಿಯನ್ನು ತಿಳಿಸಬೇಕು. ಒಂದೇ ಸಂಖ್ಯೆ ಎರಡು ಸಲ ದಾಖಲಾಗದಂತೆ ತಡೆಯುವ ಹೊಣೆಯನ್ನು ದತ್ತಸಂಚಯಕ್ಕೇ ವಹಿಸುವುದು ಕ್ಷೇಮ. ಎರಡು ಕೋರಿಕೆಗಳು ಒಂದೇ ಕ್ಷಣದಲ್ಲಿ ಬಂದರೂ ಒಂದು ಮಾತ್ರ ಗೆಲ್ಲುತ್ತದೆ. ಎಷ್ಟು ಸಲ ಮಾಡಿದರೂ ಒಂದೇ ಫಲ ಕೊಡುವ ಈ ಗುಣವನ್ನು ತಂತ್ರಾಂಶದವರು ಐಡೆಂಪೊಟೆನ್ಸ್ ಎಂದು ಕರೆಯುತ್ತಾರೆ. ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತಿದರೂ ಲಿಫ್ಟ್ ಒಂದೇ ಸಲ ಬರುತ್ತದಲ್ಲವೆ?

ಕೊನೆಯ ದಿನಾಂಕದ ಪ್ರಶ್ನೆಯೂ ಹೀಗೆಯೇ ಬಗೆಹರಿಯುತ್ತದೆ. ಅರ್ಜಿ ಯಾವಾಗ ಬಂದಿತು ಎಂಬುದನ್ನು 202 ಉತ್ತರ ಕೊಟ್ಟ ಕ್ಷಣದಿಂದ ಎಣಿಸಬೇಕೇ ಹೊರತು, ಪಾವತಿ ಸೇವೆ ನಿಧಾನವಾಗಿ ಉತ್ತರಿಸಿದ ಕ್ಷಣದಿಂದಲ್ಲ. ಇದು ನಿಯಮ ಮಾಡುವವರ ತೀರ್ಮಾನ. ಆದರೆ ಆ ಕ್ಷಣವನ್ನು ಬರೆದಿಡುವ ವ್ಯವಸ್ಥೆ ಇದ್ದರೆ ಮಾತ್ರ ಅಂಥ ತೀರ್ಮಾನ ಸಾಧ್ಯ.

ಇಂದಿನ ಸ್ಥಿತಿ

ಅಸಮಕಾಲಿಕ ಕ್ರಮವಿಧಿಗಳನ್ನು ಬರೆಯುವುದೂ ಓದುವುದೂ ಕಷ್ಟ ಎಂಬ ದೂರು ಹಳೆಯದು. ಇದನ್ನು ಹಗುರಗೊಳಿಸಲು ಭಾಷೆಗಳೇ ಮುಂದಾಗಿವೆ. ಸಿ ಶಾರ್ಪ್ ಭಾಷೆಗೆ 2012ರಲ್ಲಿ, ಪೈಥಾನ್‌ಗೆ 2015ರಲ್ಲಿ ‘ಅಸಿಂಕ್’, ‘ಅವೇಟ್’ ಎಂಬ ಪದಗಳು ಸೇರಿದವು. ಇವುಗಳ ನೆರವಿನಿಂದ ಅಸಮಕಾಲಿಕ ಕೆಲಸವನ್ನೂ ಸಾಮಾನ್ಯ ಕ್ರಮದಲ್ಲಿಯೇ ಬರೆಯಬಹುದು. ಜಾವಾ ಬೇರೆ ದಾರಿ ಹಿಡಿಯಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 21ರಲ್ಲಿ ವರ್ಚುಯಲ್ ಥ್ರೆಡ್‌ಗಳಿವೆ. ಇವು ಕಾಯುವಾಗ ಕಾರ್ಯಾಚರಣ ವ್ಯವಸ್ಥೆಯ ಥ್ರೆಡ್ ಅನ್ನು ಬಿಟ್ಟುಕೊಡುತ್ತವೆ. ಆದ್ದರಿಂದ ಲಕ್ಷಗಟ್ಟಲೆ ಇದ್ದರೂ ಭಾರವಲ್ಲ. ಒಂದು ಕೋರಿಕೆಗೆ ಒಬ್ಬ ಕೆಲಸಗಾರ ಎಂಬ ಹಳೆಯ ಸರಳ ಮಾದರಿ ಹೀಗೆ ಹೊಸ ರೂಪದಲ್ಲಿ ಮರಳಿದೆ.

ಆದರೂ ಥ್ರೆಡ್ ಅಗ್ಗವಾದ ಮಾತ್ರಕ್ಕೆ ಪಾವತಿ ಸೇವೆಯ ಸಾಮರ್ಥ್ಯ ಹೆಚ್ಚುವುದಿಲ್ಲ. ಲಿಟಲ್ ಅವರ ನಿಯಮ ಬದಲಾಗುವುದಿಲ್ಲ. ಕಾಲಮಿತಿ, ಒಳಬಿಡುವ ಮಿತಿ, ದೋಷಗಳ ನಿರ್ವಹಣೆ, ವಿಶಿಷ್ಟ ಸಂಖ್ಯೆ ಇವೆಲ್ಲ ಮೊದಲಿನಂತೆಯೇ ಬೇಕು.

ವೆಬ್ ಸೇವೆಯೊಂದನ್ನು ರಚಿಸುತ್ತಿರುವ ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ನಿಮ್ಮ ಕ್ರಮವಿಧಿ ಕರೆಯುವ ಹೊರಗಿನ ಸೇವೆಯ ಜಾಗದಲ್ಲಿ, ಬೇಕೆಂದೇ ಹತ್ತು ಸೆಕೆಂಡು ತಡಮಾಡಿ ಉತ್ತರಿಸುವ ಒಂದು ನಕಲಿ ಸೇವೆಯನ್ನು ಇಡಿ. ಆಮೇಲೆ ಒಮ್ಮೆಗೇ ಐನೂರು ಕೋರಿಕೆಗಳನ್ನು ಕಳುಹಿಸಿ, ಆ ಸೇವೆಗೆ ಸಂಬಂಧವೇ ಇಲ್ಲದ ಬೇರೊಂದು ಪುಟ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ನಿಮ್ಮ ಕೆಲಸಗಾರರೆಲ್ಲ ಕಿಟಕಿಯ ಬಳಿ ನಿಂತಿದ್ದಾರೆ ಎಂದೇ ಅರ್ಥ. ಅರ್ಜಿಯ ಕೊನೆಯ ದಿನ ಬರುವ ಮೊದಲೇ ಇದು ತಿಳಿದರೆ ಒಳ್ಳೆಯದು.